ಚಿಕ್ಕಪ್ಪಾ, ಫಾರ್ಮ್ಯಾಟ್ ಮಾಡಿಸುವ ಮೊದಲು ಇದನ್ನು ಕೇಳಿ

ಚಿಕ್ಕಪ್ಪಾ, ನೀವು ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿದಿದೆ ಅಂತ ಬರುತ್ತಿದೆ, ಅಂಗಡಿಯವರು ಹೊಸ ಕಂಪ್ಯೂಟರೇ ತೆಗೆದುಕೊಳ್ಳಿ ಅಂದರು, ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಬಹುದಾ ಅಂತ ಕೇಳಿದ್ದೀರಲ್ವಾ?

ಖಂಡಿತ ಹಾಕಬಹುದು. 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿದದ್ದು ಹೌದು. ಹಾಗಂತ ನಿಮ್ಮ ಕಂಪ್ಯೂಟರ್ ಹಾಳಾಗಿಲ್ಲ. 4 ಜಿಬಿ ರ‍್ಯಾಮ್ ಉಂಟು, ಲಿನಕ್ಸ್‌ನಲ್ಲೇ ಒಂದು ಬಗೆಯಾದ ಲಿನಕ್ಸ್ ಮಿಂಟ್‌ಗೆ ಅಷ್ಟು ಸಾಕು. ದುಡ್ಡೂ ಕೊಡಬೇಕಾಗಿಲ್ಲ.

ನನಗೆ ಹೆದರಿಕೆ ಇರುವುದು ಭಜನಾ ಮಂದಿರದ ಲೆಕ್ಕದ್ದು. ಅಷ್ಟು ವರ್ಷದ್ದು ನೀವು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲೇ ಟೈಪ್ ಮಾಡಿಟ್ಟಿದ್ದೀರಿ. ನಮ್ಮ ಮನೆಯ ಕಂಪ್ಯೂಟರಿಗೆ ಮಿಂಟ್ ಹಾಕುವಾಗ ನಾನು ಅಮ್ಮನ ಫೈಲೆಲ್ಲ ಕಾಪಿ ಮಾಡಿದೆ, ಫಾಂಟ್ ಬಿಟ್ಟುಹೋಯಿತು. ತೆರೆದರೆ ಒಂದಕ್ಷರ ಕನ್ನಡ ಇಲ್ಲ! ಇಂಗ್ಲಿಷ್ ಅಕ್ಷರ, ನಡುನಡುವೆ ಎಂತೆಂತದೋ ಚಿಹ್ನೆ. ಅಮ್ಮ ಕಣ್ಣಲ್ಲಿ ನೀರು ಹಾಕಿದರು. ಹಳೆಯ ನುಡಿ ಫೈಲಿನಲ್ಲಿ ಕನ್ನಡ ಕಾಣುವುದೇ ಆ ಫಾಂಟಿನಿಂದ. ಆಮೇಲೆ ಬೇರೆ ಕಂಪ್ಯೂಟರಿನಿಂದ ಫಾಂಟ್ ತಂದು ಹಾಕಿದೆ, ಅಕ್ಷರ ಎಲ್ಲ ಸರಿಯಾಗಿ ಬಂತು. ಹಾಗಾಗಿ ಲೆಕ್ಕದ ಫೋಲ್ಡರ್ ಜೊತೆಗೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿ ನುಡಿ ಅಂತ ಇರುವುದನ್ನೆಲ್ಲ ಪೆನ್ ಡ್ರೈವಿಗೆ ಹಾಕಿಡಿ. ಸಾಧ್ಯವಾದರೆ ಎರಡು ಪೆನ್ ಡ್ರೈವಿಗೆ.

ನುಡಿ ತಂತ್ರಾಂಶ ವಿಂಡೋಸಿನದ್ದು, ಮಿಂಟ್‌ನಲ್ಲಿ ಅದನ್ನೇ ಹಾಕಲಿಕ್ಕಾಗುವುದಿಲ್ಲ. ಆದರೆ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕಗಪ ಉಂಟು, ನುಡಿಯಲ್ಲಿ ನೀವು ಒತ್ತುವ ಅದೇ ಕೀಲಿ ಜೋಡಣೆ. ನಿಮ್ಮ ಕೈಗೆ ಕೂತ ಅಭ್ಯಾಸ ಹೋಗುವುದಿಲ್ಲ, ಅದು ದೊಡ್ಡ ಸಮಾಧಾನ.

ಇನ್ನೊಂದು ಖಾಲಿ 8 ಜಿಬಿ ಪೆನ್ ಡ್ರೈವ್ ಇದ್ದರೆ ತೆಗೆದಿಡಿ. ಅದಕ್ಕೆ ಮಿಂಟ್ ಹಾಕಿ, ಅದರಿಂದಲೇ ಕಂಪ್ಯೂಟರ್ ಆನ್ ಮಾಡಿ ತೋರಿಸುತ್ತೇನೆ. ಒಳಗಿನ ಡಿಸ್ಕನ್ನು ಮುಟ್ಟುವುದೇ ಇಲ್ಲ. ಪ್ರಿಂಟರ್ ಕೆಲಸ ಮಾಡುತ್ತದಾ, ವೈಫೈ ಸಿಗುತ್ತದಾ, ಚಿಕ್ಕಮ್ಮನಿಗೆ ಯೂಟ್ಯೂಬ್ ಬರುತ್ತದಾ, ಎಲ್ಲ ನೋಡಿ. ಸರಿ ಅನ್ನಿಸಿದರೆ ಮಾತ್ರ ಇನ್‌ಸ್ಟಾಲ್. ಡಿಸ್ಕ್ ಅಳಿಸಲಾ ಅಂತ ಅದು ಕೇಳುವ ಜಾಗ ಒಂದುಂಟು, ಅಲ್ಲಿ ಒಬ್ಬರೇ ಕೂತು ಒತ್ತಬೇಡಿ. ಒತ್ತಿದರೆ ವಿಂಡೋಸ್, ಫೈಲು ಎಲ್ಲ ಹೋಗುತ್ತದೆ.

ಸಂಜೆ ಹೊತ್ತು ಈ ಕೆಲಸ ಬೇಡವೇ ಬೇಡ. ಈಗ ಸಂಜೆಯಾದರೆ ಗುಡುಗು, ಉಡುಪಿಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಅರ್ಧದಲ್ಲಿ ನಿಂತರೆ ಮತ್ತೆ ಮೊದಲಿನಿಂದ ಮಾಡಬೇಕು. ಭಾನುವಾರ ಬೆಳಿಗ್ಗೆ ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿಗೆ ಹೊರಟು ಬರುತ್ತೇನೆ. ಅಲ್ಲಿಯವರೆಗೆ ಸಿಪಿಯು ಬಿಚ್ಚಿ ಆ ಅಂಗಡಿಗೆ ಮಾತ್ರ ಕೊಡಬೇಡಿ ಚಿಕ್ಕಪ್ಪಾ.