ಲೈನ್ ಕೋಚನ್ನು ಸ್ಯಾಕ್ ಲೆಕ್ಕದಿಂದ ಅಳೆಯಬಹುದಾ?

ಪುಣೆ, ಕೋಥ್ರೂಡ್: ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಅವನಿಂದ ನನಗೂ ಅಲ್ಲಿನ ಕಾಲೇಜ್ ಫುಟ್‌ಬಾಲ್ (ಕೈಯಲ್ಲಿ ಚೆಂಡು ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ) ಹುಚ್ಚು ಹತ್ತಿದೆ. ಶನಿವಾರ ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತರೆ ಏಳುವುದು ಎರಡು ಗಂಟೆಗೇ. ಈ ಸಲ ಅವನ ಕಾಲೇಜಿನ ತಂಡಕ್ಕೆ ಸ್ಯಾಕ್ ಜಾಸ್ತಿ ಆಗಿವೆ, ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಎಸೆಯುವ ಮೊದಲೇ ಎದುರಾಳಿಗಳ ಕೈಗೆ ಸಿಕ್ಕಿ ಬೀಳುತ್ತಿದ್ದಾನೆ. ಅವನನ್ನು ಕಾಯುವ ಐವರ ಸಾಲಿನ, ಅಂದರೆ ಆಫೆನ್ಸಿವ್ ಲೈನ್‌ನ ಕೋಚನ್ನು ತೆಗೆಯಿರಿ ಅಂತ ಎಲ್ಲರೂ ಕೂಗುತ್ತಿದ್ದಾರೆ. ನನಗೆ ಇದು ಅನ್ಯಾಯ ಅನಿಸುತ್ತದೆ. ಒಂದು ಸ್ಯಾಕನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಐದೂ ಹುಡುಗರು ಎದುರಿನವರನ್ನು ತಡೆದೇ ನಿಂತಿದ್ದರು. ಕ್ವಾರ್ಟರ್‌ಬ್ಯಾಕ್ ಚೆಂಡು ಬಿಡಲೇ ಇಲ್ಲ. ಇದರಲ್ಲಿ ಕೋಚ್ ತಪ್ಪೇನಿದೆ?

ಡೊಂಬಿವಲಿ: ಸುಮ್ನೆ ಸ್ಯಾಕ್ ಎಣಿಸಬೇಡಿ ಸರ್. 20 ಪಾಸ್‌ಗೆ 3 ಸ್ಯಾಕ್ ಬೇರೆ, 50 ಪಾಸ್‌ಗೆ 3 ಬೇರೆ, ಅಲ್ವಾ? ಇನ್ನೊಂದು ವಿಷಯ. ಕಾಲೇಜ್ ಲೆಕ್ಕದಲ್ಲಿ ಸ್ಯಾಕ್‌ನಿಂದ ಹೋದ ಗಜಗಳನ್ನು ಓಟದ ಗಜಗಳಿಂದ ಕಳೆಯುತ್ತಾರೆ. ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪಾಸ್ ಲೆಕ್ಕದಿಂದ ಕಳೆಯುತ್ತಾರೆ. ಹಾಗಾಗಿ ಕಾಲೇಜಿನಲ್ಲಿ ಒಂದೇ ಸ್ಯಾಕ್ ಕೋಚ್ ಮೇಲೆ ಎರಡು ಸಲ ಬೀಳುತ್ತದೆ, ಸ್ಯಾಕ್ ಲೆಕ್ಕದಲ್ಲೂ ಓಟದ ಲೆಕ್ಕದಲ್ಲೂ. ಅದನ್ನು ತೆಗೆದು ಓಟದ ಸರಾಸರಿ ಮತ್ತೆ ಹಾಕಿ ನೋಡಿ.

ಮಡಗಾಂವ್: ಅದೇ ಐವರು ಎಷ್ಟು ಪಂದ್ಯ ಒಟ್ಟಿಗೆ ಆಡಿದರು ಅನ್ನುವುದನ್ನೂ ನೋಡಿ. ಕಾಲೇಜಿನ ಅತ್ಯುತ್ತಮ ಆಫೆನ್ಸಿವ್ ಲೈನ್‌ಗೆ 2015ರಿಂದ ಕೊಡುತ್ತಿರುವ ಜೋ ಮೂರ್ ಪ್ರಶಸ್ತಿ ಒಬ್ಬ ಆಟಗಾರನಿಗಲ್ಲ, ಇಡೀ ಲೈನ್‌ಗೆ. ನಡುವಿನ ಸೆಂಟರ್ ಗಾಯಗೊಂಡು ಹೊರಗೆ ಕೂತರೆ ಅಕ್ಕಪಕ್ಕದ ಗಾರ್ಡ್‌ಗಳೂ ತಡವರಿಸುತ್ತಾರೆ.

ಪುಣೆ, ಕೋಥ್ರೂಡ್: ಸೆಂಟರ್ ಮೂರನೇ ಪಂದ್ಯದಿಂದ ಆಡಿಲ್ಲ! ಇವತ್ತೇ ಮಗನ ಜೊತೆ ಫೋನಿನಲ್ಲಿ ಕೂತು ಆ ಪಂದ್ಯಗಳನ್ನು ಬೇರೆ ಮಾಡಿ ಲೆಕ್ಕ ಹಾಕುತ್ತೇನೆ.