ಗುಳೆ ಹೋದ ಮೇಲೆ ಹಳ್ಳಿ ಸಭೆ: ಉಳಿದವರನ್ನೂ ಹೋದವರನ್ನೂ ನೋಡಿಕೊಳ್ಳುವುದು ಹೇಗೆ?

ಭೀಮಾತೀರ

ಎಲ್ಲರಿಗೂ ಕರ್ತನಲ್ಲಿ ವಂದನೆ. ನಮ್ಮದು ಯಾದಗಿರಿ ತಾಲೂಕಿನ ಒಂದು ಹಳ್ಳಿಯ ಮೆಥೊಡಿಸ್ಟ್ ಪಂಗಡದ ಕ್ರೈಸ್ತ ಸಭೆ, 40 ಮನೆ. ತೊಗರಿ ರಾಶಿ ಮುಗಿದದ್ದೇ ತಡ, ಅರ್ಧದಷ್ಟು ಮನೆಯವರು ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮರಳುವುದು ಮಿರಗ (ಮೃಗಶಿರಾ ಮಳೆ) ಕೂಡುವ ಹೊತ್ತಿಗೆ. ಊರಲ್ಲಿ ಉಳಿಯುವವರು ಮುದುಕರು, ಸಾಲಿ ಮಕ್ಕಳು. ಅಯ್ನೋರಿಗೆ (ಸಭಾಪಾಲಕರಿಗೆ) ಐದು ಹಳ್ಳಿಗಳ ಹೊಣೆ, ಇಲ್ಲಿಗೆ ತಿಂಗಳಿಗೆ ಎರಡು ಭಾನುವಾರ ಬರುತ್ತಾರೆ. ದಾನಿಗಳನ್ನು ಹುಡುಕಿ ದಿನಸಿ ಕಿಟ್ ಹಂಚೋಣ ಎಂದು ಕಮಿಟಿಯಲ್ಲಿ ಮಾತು ನಡೆದಿದೆ. ಕಾಣಿಕೆ ತಿಂಗಳಿಗೆ 4,000 ರೂಪಾಯಿ ದಾಟುವುದಿಲ್ಲ. ಏನು ಮಾಡಿದರೆ ವರ್ಷವರ್ಷವೂ ನಿಂತು ನಡೆಯುತ್ತದೆ?

ಹುಮನಾಬಾದ್ ಕ್ಲಾಸ್ ಲೀಡರ್

ಕಿಟ್ ಬಿಡ್ರಿ. ಒಂದು ದಿನದ ಫೋಟೊ, ಹತ್ತು ದಿನದ ಎಣ್ಣೆ. ನಿಮಗೆ ಬೇಕಾದದ್ದು ಮೆಥೊಡಿಸ್ಟರ ಮನೆಯಲ್ಲೇ ಇದೆ, ಅಟ್ಟದ ಮೇಲೆ ಬಿದ್ದಿದೆ ಅಷ್ಟೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಲಯದ ಸಾಲ ತೀರಿಸಲು ಸದಸ್ಯರನ್ನು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿದರು. ವಾರಕ್ಕೊಂದು ಪೆನ್ನಿ ಕೂಡಿಸಲು ಗುಂಪಿಗೊಬ್ಬ ಮುಂದಾಳು. ಹಣ ಕೇಳಲು ಮನೆಗೆ ಹೋದವರಿಗೆ ಯಾರಿಗೆ ಕಾಯಿಲೆ, ಎಲ್ಲಿ ಜಗಳ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಲ್ಲ ಗೊತ್ತಾಗತೊಡಗಿತು. ಮೆಥೊಡಿಸ್ಟ್ ಪಂಗಡಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿ ಅದನ್ನೇ ಸಭಾಪಾಲನೆಯ ಪದ್ಧತಿ ಮಾಡಿಕೊಂಡರು. ಅದೇ ಕ್ಲಾಸ್.

ನಿಮ್ಮಲ್ಲಿ ಊರಲ್ಲಿ ಉಳಿಯುವ ಇಪ್ಪತ್ತು ಮನೆ, ಜೊತೆಗೆ ಗುಳೆ ಹೋದವರ ಮುದುಕರಿರುವ ಮನೆ. ಒಟ್ಟು ಹೆಸರು ಬರೆದು ಹನ್ನೆರಡು ಜನಕ್ಕೊಬ್ಬರಂತೆ ಹಂಚಿರಿ. ಮುಂದಾಳುಗಳಲ್ಲಿ ಅರ್ಧದಷ್ಟಾದರೂ ಹೆಂಗಸರಿರಲಿ. ಒಂಟಿ ಅಜ್ಜಿ ತನ್ನ ನೋವನ್ನು ಗಂಡಸಿನ ಮುಂದೆ ಹೇಳುವುದಿಲ್ಲ. ಯಾರಿಗೂ ಅವರವರ ಬೀಗರ ಮನೆ ಕೊಡಬೇಡಿ. ಕೊಟ್ಟರೆ ಒಂದೋ ಎಲ್ಲ ಮುಚ್ಚಿಡುತ್ತಾರೆ, ಇಲ್ಲವೇ ಹಳೆಯ ಜಗಳ ಹೊಸಿಲಲ್ಲೇ ಶುರುವಾಗುತ್ತದೆ.

ವಾರಕ್ಕೊಮ್ಮೆ ಕಾಲು ತಾಸು ಸಾಕು. ಕೇಳಬೇಕಾದದ್ದು ನಾಲ್ಕೇ: ಬಿಪಿ, ಸಕ್ಕರೆ ಗುಳಿಗೆ ಇನ್ನೆಷ್ಟು ದಿನಕ್ಕೆ ಇದೆ, ಮನೆಯಲ್ಲಿ ಜೋಳ ಇದೆಯೋ ಇಲ್ಲವೋ, ಮಗು ಈ ವಾರ ಸಾಲಿಗೆ ಎಷ್ಟು ದಿನ ಹೋಯಿತು, ತಂದೆತಾಯಿಯ ಫೋನು ಬಂತೇ. ಆಮೇಲೆ ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡಿ ಏಳಿ. ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಬರೆದದ್ದನ್ನು ಅಯ್ನೋರು ಬಂದ ಭಾನುವಾರ ಓದಿ ರುಜು ಹಾಕಬೇಕು. ಈ ರುಜು ತಪ್ಪಿದರೆ ಎರಡನೇ ತಿಂಗಳಿಗೆ ಪುಸ್ತಕ ಕಪಾಟು ಸೇರುತ್ತದೆ. ತುರ್ತಿದ್ದರೆ ಭಾನುವಾರಕ್ಕೆ ಕಾಯಬೇಡಿ. ಮಕ್ಕಳಿಗೆ 1098, ಹಿರಿಯರಿಗೆ 14567 ಸಹಾಯವಾಣಿ. ಎರಡನ್ನೂ ಪುಸ್ತಕದ ರಟ್ಟಿನ ಮೇಲೆ ಬರೆದಿಡಿ.

ಇನ್ನು ಹೋಗುವವರು. ಇವರಿಗೆ ಸದಸ್ಯತ್ವ ವರ್ಗಾವಣೆ ಪತ್ರ ಕೊಡುವುದು ತಪ್ಪು, ಆರು ತಿಂಗಳಲ್ಲಿ ವಾಪಸು ಬರುವವರು. ಕೊಡಬೇಕಾದದ್ದು ಪರಿಚಯ ಪತ್ರ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದ ಮೊದಲಲ್ಲೇ ಅಪೊಸ್ತಲ ಪೌಲನು ಸಭೆಯ ಸೇವಕಿ ಫೊಯಿಬೆಗೆ ಕೊಟ್ಟಿದ್ದು ಅದನ್ನೇ. ಅರ್ಧ ಪುಟ ಸಾಕು: ಮನೆಯವರ ಹೆಸರು, ದೀಕ್ಷಾಸ್ನಾನ ಆಗಿದೆಯೇ, ಕರ್ತನ ಭೋಜನಕ್ಕೆ ಸೇರುವವರು ಯಾರು, ಅಯ್ನೋರ ಫೋನು, ಸಭೆಯ ಮುದ್ರೆ. ಆಧಾರ್ ಸಂಖ್ಯೆ ಹಾಕಬೇಡಿ. ಮುಂಬಯಿ, ಹೈದರಾಬಾದ್‌ನಲ್ಲಿ ಕನ್ನಡದಲ್ಲೇ ಆರಾಧನೆ ನಡೆಸುವ ಸಭೆಗಳಿವೆ. ಪತ್ರವಿಲ್ಲದೆ ಹೋದವರು ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರುತ್ತಾರೆ.

ಲೆಕ್ಕದ ಪುಸ್ತಕ

ಮೇಲಿನ ಮಾತಿಗೆ ಕಾಳಿನ ಲೆಕ್ಕ ಸೇರಿಸುತ್ತೇನೆ. ರೇಷನ್ ಅಕ್ಕಿ ಬರುತ್ತದೆ, ಕೊರತೆ ಬೀಳುವುದು ರೊಟ್ಟಿಗೆ. ಆದ್ದರಿಂದ ಹಿಡಿ ಜೋಳ. ದಿನಕ್ಕೊಮ್ಮೆ ರೊಟ್ಟಿ ಬಡಿಯುವ ಮುಂಚೆ ಒಂದು ಹಿಡಿ ಡಬ್ಬಿಗೆ. ಹಿಡಿಗೆ ಸುಮಾರು 50 ಗ್ರಾಂ ಹಿಡಿದರೆ 20 ಮನೆಯಿಂದ ದಿನಕ್ಕೆ ಒಂದು ಕಿಲೊ, ತಿಂಗಳಿಗೆ 30 ಕಿಲೊ. ಇಬ್ಬರು, ಮೂವರು ಒಂಟಿ ಮುದುಕರಿಗೆ ಅದು ಸಾಕು. ಕಾಳನ್ನೇ ತರಿಸಿ, ಹಿಟ್ಟು ಬೇಡ. ಹಿಟ್ಟು ಕೆಲವೇ ವಾರದಲ್ಲಿ ಕಹಿಯಾಗುತ್ತದೆ. ಮನೆಮನೆಯ ಕಾಳು ಕೂಡಿಸಿದಾಗ ಒಬ್ಬರ ಹಸಿ ಕಾಳು ಇಡೀ ಚೀಲಕ್ಕೆ ನುಸಿ ಹಿಡಿಸುತ್ತದೆ. ಎರಡು ದಿನ ಬಿಸಿಲಿಗೆ ಹರವಿ, ತಣಿದ ಮೇಲೆ ತುಂಬಿ, ಚೀಲವನ್ನು ಹಲಗೆಯ ಮೇಲಿಡಿ, ಗೋಡೆಗೆ ತಾಗದಂತೆ. ಎರಡು ತಿಂಗಳಿಗಿಂತ ಹೆಚ್ಚು ಕೂಡಿಡಬೇಡಿ.

ನಗದಿಗೆ ಕಾಣಿಕೆಯಲ್ಲಿ ಹತ್ತನೇ ಒಂದು ಪಾಲು ಬೇರೆ ತೆಗೆಯಿರಿ, ತಿಂಗಳಿಗೆ 400. ಆಸ್ಪತ್ರೆಯ ಬಸ್ ಚಾರ್ಜು, ಗುಳಿಗೆ, ಇಷ್ಟಕ್ಕೇ. ಒಂದು ಸಲಕ್ಕೆ 500ರ ಮಿತಿ ಹಾಕಿ, ಅದೂ ಇಬ್ಬರ ರುಜುವಿನ ಮೇಲೆ. ಎಣಿಸುವುದು ಆರಾಧನೆ ಮುಗಿದ ಕೂಡಲೇ, ಗುಡಿಯಲ್ಲೇ, ಸಂಬಂಧಿಕರಲ್ಲದ ಇಬ್ಬರು. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ಅನುಮಾನ ಬೇಡ ಎಂದು ಪೌಲನೂ ಕಾಣಿಕೆಯ ಜೊತೆ ಒಬ್ಬನನ್ನೇ ಕಳಿಸಲಿಲ್ಲ (2 ಕೊರಿಂಥ 8:18-21). ಈ ಹಣವನ್ನು ಸಾಲವಾಗಿ ಕೊಡಲೇಬೇಡಿ. ಸಾಲ ತೀರಿಸಲಾಗದವನು ಮೊದಲು ಬಿಡುವುದು ಭಾನುವಾರದ ಆರಾಧನೆಯನ್ನು.

ಬೀದರ್ ಯುವಜನ

ಫೋನಿನ ವಿಷಯ ಒಂದಿಷ್ಟು. ಆರಾಧನೆಯನ್ನು ಲೈವ್ ಬಿಟ್ಟರೆ ಹೋದವರು ನೋಡುತ್ತಾರೆ ಎಂಬ ಆಸೆ ಬೇಡ. ಕಟ್ಟಡ ಕೆಲಸದಲ್ಲಿ ಬಹಳ ಕಡೆ ರಜೆ ಬೀಳುವುದು ಭಾನುವಾರವಲ್ಲ, ಬಟವಡೆಯ ಮರುದಿನ. ಮುಂದಾಳು ರಾತ್ರಿ ಎಂಟರ ನಂತರ, ಊಟದ ಹೊತ್ತಿಗೆ, ಐದು ನಿಮಿಷ ಮಾತಾಡಿದರೆ ಹೆಚ್ಚು ನಿಲ್ಲುತ್ತದೆ. ಅಜ್ಜಿಯ ಮನೆಯಲ್ಲಿ ಕೂತೇ ಮಾಡಿದರೆ ಇನ್ನೂ ಒಳ್ಳೆಯದು.

ಹೊರಡುವ ಮುಂಚೆ ಮುಕಾದಮ (ಕೂಲಿಯವರನ್ನು ಕರೆದೊಯ್ಯುವವನು) ಅಥವಾ ಮೇಸ್ತ್ರಿಯ ಹೆಸರು, ಫೋನು, ಕೆಲಸದ ಜಾಗ, ತೆಗೆದುಕೊಂಡ ಮುಂಗಡ ಬರೆದುಕೊಳ್ಳಿ. ನಮ್ಮ ಕಡೆ ಕಬ್ಬು ಕಡಿಯಲು ಹೋಗುವವರಿಗೆ ಇದು ಮುಖ್ಯ. ಮುಂಗಡ ತೀರಿಲ್ಲ ಎಂದು ಊರಿಗೆ ಬಿಡದಿದ್ದರೆ ಅದು 1976ರ ಜೀತ ಪದ್ಧತಿ ರದ್ದು ಕಾಯ್ದೆಗೆ ಬರುವ ವಿಷಯ. ದೂರು ಜಿಲ್ಲಾಧಿಕಾರಿಗೆ ಹೋಗಬೇಕು. ಜಾಗವೇ ಗೊತ್ತಿಲ್ಲದಿದ್ದರೆ ಅವರಾದರೂ ಎಲ್ಲಿ ಹುಡುಕಿಸುತ್ತಾರೆ?

ಭೀಮಾತೀರ

ಕಮಿಟಿಗೆ ಹೇಳಲು ಧೈರ್ಯ ಬಂತು. ಇನ್ನೊಂದು ತೊಡಕು: ಸಭೆಗೆ ಸೇರದ ಪಕ್ಕದ ಮನೆಯ ಅಜ್ಜಿಗೂ ಜೋಳ ಬೇಕು. ಕೊಟ್ಟರೆ ಮತಾಂತರ ಎಂಬ ಮಾತು ಬರುತ್ತದೆ, ಕೊಡದಿದ್ದರೆ ಮನಸ್ಸು ಒಪ್ಪುವುದಿಲ್ಲ.

ಲೆಕ್ಕದ ಪುಸ್ತಕ

ಕೊಡಿ, ಆದರೆ ಹೇಗೆ ಎಂಬುದನ್ನು ನೋಡಿಕೊಳ್ಳಿ. ಕರ್ನಾಟಕದ 2022ರ ಮತಾಂತರ ಕಾಯ್ದೆಯಲ್ಲಿ ‘ಆಮಿಷ’ದ ವ್ಯಾಖ್ಯೆ ಬಹಳ ಅಗಲ: ನಗದು, ವಸ್ತು, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲ ಅದರಲ್ಲಿ ಸೇರಿವೆ. ಅದನ್ನು ರದ್ದು ಮಾಡಲು ಸಂಪುಟ ತೀರ್ಮಾನಿಸಿದ್ದು 2023ರ ಜೂನ್‌ನಲ್ಲಿ. ಕಾಯ್ದೆ ಏನೇ ಇರಲಿ, ಜೋಳದ ಜೊತೆ ಕರಪತ್ರ, ಆರಾಧನೆಗೆ ಕರೆ, ಫೋಟೊ ಬೇಡ. ಕೊಡುವುದು ಹಗಲಲ್ಲಿ, ನಾಲ್ಕು ಜನ ನೋಡುವಂತೆ. ಸಾಧ್ಯವಾದರೆ ಆಶಾ ಕಾರ್ಯಕರ್ತೆಯೋ ಪಂಚಾಯಿತಿ ಸದಸ್ಯರೋ ಜೊತೆಗಿರಲಿ. ಪುಸ್ತಕದಲ್ಲಿ ಕಾರಣ ಬರೆಯಿರಿ: ‘ಒಂಟಿ, ಕಾಲು ಮುರಿತ, ಎರಡು ತಿಂಗಳು’.

ಹುಮನಾಬಾದ್ ಕ್ಲಾಸ್ ಲೀಡರ್

ಮರೆತಿದ್ದೆ. ಹೊರಡುವ ಮುಂಚಿನ ಭಾನುವಾರ ರೂತಳ ಗ್ರಂಥದ ಮೊದಲ ಅಧ್ಯಾಯ ಓದಿಸಿ. ಬೇತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಅಲ್ಲೇ ಬರ ಬಿದ್ದು ಒಂದು ಸಂಸಾರ ಮೋವಾಬಿಗೆ ಗುಳೆ ಹೋದದ್ದು. ಬೋಧಿಸುವವರು ಐದನೇ ವಚನಕ್ಕೆ ನಿಲ್ಲಿಸಬಾರದು, ಅಲ್ಲಿವರೆಗೆ ಬರೀ ಸಾವು. ಜವೆಗೋಧಿ ಕೊಯ್ಲಿಗೆ ಆ ಸಂಸಾರದ ತಾಯಿ ನೊವೊಮಿ ಮರಳಿ ಬರುವ 22ನೇ ವಚನದವರೆಗೂ ಓದಬೇಕು. ಪರಿಚಯ ಪತ್ರ ಕೊಡುವುದೂ ಅವತ್ತೇ, ಹೆಸರು ಕರೆದು.

ಭೀಮಾತೀರ

ರಾಶಿಗೆ ಇನ್ನೂ ಮೂರು ವಾರ ಇದೆ. ನಾಲ್ಕು ನೋಟ್‌ಬುಕ್ ತರಿಸುತ್ತೇವೆ.

ಲೆಕ್ಕದ ಪುಸ್ತಕ

ಐದು ತರಿಸ್ರಿ. ಜೋಳಕ್ಕೆ ಬೇರೆ ಬೇಕು.