ನಮ್ಮ ಸಭೆಗೆ ಸತ್ಯವೇದ (ಬೈಬಲ್) ಕಲಿಸುವವರನ್ನು ಹೇಗೆ ಒದಗಿಸಿಕೊಳ್ಳಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ

ಸಭಾ ಕಾರ್ಯದರ್ಶಿ, ಹಾವೇರಿ ಜಿಲ್ಲೆ

ಹಿರಿಯರಿಗೂ ಸಹೋದರ ಸಹೋದರಿಯರಿಗೂ ವಂದನೆಗಳು. ನಮ್ಮದು ರಾಣೇಬೆನ್ನೂರಿನ ಕಡೆಯ ಅರವತ್ತು ಕುಟುಂಬಗಳ ಕ್ರೈಸ್ತ ಸಭೆ. ನಮ್ಮ ಸಭಾಪಾಲಕರಿಗೆ ಬೇರೆ ಮೂರು ಊರುಗಳ ಹೊಣೆಯೂ ಇರುವುದರಿಂದ ಆರಾಧನೆ, ಮದುವೆ, ಮಣ್ಣು, ರೋಗಿಗಳ ಭೇಟಿ ಇಷ್ಟರಲ್ಲೇ ಅವರ ವಾರ ಕಳೆದುಹೋಗುತ್ತದೆ. ಕುಳಿತು ಸತ್ಯವೇದ ಕಲಿಸುವವರು ಯಾರೂ ಇಲ್ಲ. ಸಂಬಳ ಕೊಟ್ಟು ಹೊರಗಿನಿಂದ ಒಬ್ಬ ಉಪದೇಶಕರನ್ನು ಕರೆತರುವುದೋ, ನಮ್ಮ ಯುವಕನೊಬ್ಬನನ್ನು ಥಿಯಲಾಜಿಕಲ್ ಕಾಲೇಜಿಗೆ ಕಳುಹಿಸುವುದೋ, ಇಲ್ಲಿಯ ಎರಡು ಮೂರು ಮಂದಿಗೇ ಮನೆಯಲ್ಲಿದ್ದು ಓದುವ ಕೋರ್ಸ್ ಕೊಡಿಸುವುದೋ ಎಂದು ಕಮಿಟಿಯಲ್ಲಿ ಒಮ್ಮತವಿಲ್ಲ. ತಿಂಗಳಿಗೆ 12,000 ರೂಪಾಯಿಗಿಂತ ಹೆಚ್ಚು ನಮ್ಮಿಂದ ಆಗದು. ನಿಮ್ಮ ನಿಮ್ಮ ಸಭೆಗಳಲ್ಲಿ ಯಾವುದು ನಿಂತಿತು, ಯಾವುದು ಮುರಿದುಬಿತ್ತು ಎಂಬುದನ್ನು ತಿಳಿಸಬೇಕು.

ನಿವೃತ್ತ ಶಿಕ್ಷಕ, ಬೆಟಗೇರಿ

ಮೂರನೆಯದನ್ನೇ ಮಾಡಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವನು. ನೌಕರಿಯಲ್ಲಿದ್ದಾಗಲೇ ವಿಸ್ತರಣಾ ಪದ್ಧತಿಯ ದೈವಶಾಸ್ತ್ರದ ಕೋರ್ಸ್ ಸೇರಿದೆ. ಈ ಪದ್ಧತಿ 1963ರಲ್ಲಿ ಗ್ವಾಟೆಮಾಲಾದ ಒಂದು ಪ್ರೆಸ್ಬಿಟೇರಿಯನ್ ಸೆಮಿನರಿಯಲ್ಲಿ ಹುಟ್ಟಿತು. ಹಳ್ಳಿಯ ಸಭೆಗಳನ್ನು ನಡೆಸುತ್ತಿದ್ದವರು ಹೊಲಮನೆ ಬಿಟ್ಟು ಓದಲು ಬರಲಾರರೆಂದು ಕಂಡಾಗ ಪಾಠವನ್ನೇ ಅವರಿದ್ದಲ್ಲಿಗೆ ಒಯ್ಯಲಾಯಿತು. ನಮ್ಮಲ್ಲಿ ಬೆಂಗಳೂರಿನ ಟಾಫ್ಟಿ ಎಂಬ ಸಂಸ್ಥೆ 1971ರಲ್ಲಿ ಇದೇ ಕೆಲಸಕ್ಕಾಗಿ ಆರಂಭವಾಯಿತು. ಮನೆಯಲ್ಲಿ ಪಾಠ ಓದಿ, ಉತ್ತರ ಬರೆದು, ವಾರಕ್ಕೊಮ್ಮೆ ಗುಂಪಿನಲ್ಲಿ ಕುಳಿತು ಚರ್ಚಿಸಬೇಕು.

ಖರ್ಚಿನ ಲೆಕ್ಕವನ್ನು ಪೈಸೆ ಬಿಡದೆ ಬರೆದಿಟ್ಟಿದ್ದೇನೆ. ಪಾಠಪುಸ್ತಕಗಳಿಗೆ ತಗುಲಿದ್ದು ಅಲ್ಪ. ಆದರೆ ಕನ್ನಡದಲ್ಲಿ ಬೇಕಾದಷ್ಟು ವ್ಯಾಖ್ಯಾನ ಗ್ರಂಥಗಳು ಸಿಗದೆ ಇಂಗ್ಲಿಷಿನ ಒಂದು ಸೆಟ್ ತರಿಸಿದೆ, 14,600 ರೂಪಾಯಿ. ಅದನ್ನು ಇಡಲು ಮಾಡಿಸಿದ ಕಪಾಟಿಗೆ 6,200. ಮಳೆಗಾಲದಲ್ಲಿ ಗೋಡೆ ನೆನೆದು, ರೋಮಾಪುರದವರಿಗೆ ಬರೆದ ಪತ್ರಿಕೆಯ ಸಂಪುಟ ಬೂಷ್ಟು ಹಿಡಿದು ಹಾಳಾಯಿತು. ಬಿಡಿ ಸಂಪುಟ ಮಾರುವುದಿಲ್ಲವೆಂದು ಅಂಗಡಿಯವರು ಹೇಳಿದ್ದರಿಂದ ಇಂದಿಗೂ ನನ್ನ ಕಪಾಟಿನಲ್ಲಿ ಅಪೊಸ್ತಲರ ಕೃತ್ಯಗಳ ಪಕ್ಕದಲ್ಲೇ ಕೊರಿಂಥದವರು ಕುಳಿತಿದ್ದಾರೆ. ನಮ್ಮ ಗುಂಪಿನಲ್ಲಿ ಸೇರಿದವರು ಒಂಬತ್ತು ಮಂದಿ, ಮುಗಿಸಿದವರು ಮೂವರು. ಬಿಟ್ಟ ಆರು ಮಂದಿಯಲ್ಲಿ ಇಬ್ಬರು ಗೋವಾಕ್ಕೆ ದುಡಿಯಲು ಹೋದರು. ಉಳಿದವರು ಮನೆಪಾಠ ಬರೆಯಲು ಬೇಸತ್ತರು.

ಆದರೂ ಫಲ ಕಂಡಿದ್ದೇನೆ. ಬುಧವಾರದ ಕೂಟದಲ್ಲಿ ಮಾರ್ಕನ ಎರಡನೆಯ ಅಧ್ಯಾಯವನ್ನು ಓದುತ್ತಿದ್ದೆವು. ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆಯನ್ನು ಅಗೆದು, ಹಾಸಿಗೆ ಸಮೇತ ಕೆಳಗೆ ಇಳಿಸಿದ ಭಾಗ. ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಾಳಿಗೆಯ, ಮನೆಯಲ್ಲಿ ಹುಟ್ಟಿ ಬೆಳೆದ ನೇಕಾರ ಅಜ್ಜನೊಬ್ಬರು ತಡೆದು, "ಬೆಳಕಿಂಡಿಯನ್ನೇ ಅಗಲ ಮಾಡಿರಬೇಕು, ಆದರೆ ಜಂತಿಯ ನಡುವೆ ಹಾಸಿಗೆ ತೂರಬೇಕಾದರೆ ಒಂದು ಅಂಕಣದ ಮಣ್ಣನ್ನಾದರೂ ತೆಗೆಯಬೇಕು. ಕೆಳಗೆ ಕುಳಿತವರ ತಲೆಯ ಮೇಲೆಲ್ಲ ಮಣ್ಣು ಸುರಿದಿರುತ್ತದೆ. ಆ ಮನೆಯ ಯಜಮಾನ ಸುಮ್ಮನಿದ್ದನೇ? ಮಾಳಿಗೆಗೆ ಮತ್ತೆ ಮಣ್ಣು ಹಾಕಿಸಿದವರು ಯಾರು?" ಎಂದು ಕೇಳಿದರು. ಅಂದು ಕೂಟ ರಾತ್ರಿ ಹತ್ತರವರೆಗೆ ನಡೆಯಿತು. ಅದುವರೆಗೆ ಬಾಯಿ ಬಿಡದಿದ್ದ ಹೆಂಗಸರು, ನಂಬಿಕೆಯ ಖರ್ಚನ್ನು ಯಾರದೋ ಮನೆ ಭರಿಸಬೇಕಾಗುತ್ತದೆ ಎಂಬ ಮಾತನ್ನು ತಾವೇ ಎತ್ತಿದರು. ಹೊರಗಿನಿಂದ ಬಂದ ಯಾವ ಉಪದೇಶಕರೂ ಈ ಪ್ರಶ್ನೆಯನ್ನು ಎಬ್ಬಿಸುತ್ತಿರಲಿಲ್ಲ.

ಸಭಾ ಹಿರಿಯ, ಹುಬ್ಬಳ್ಳಿ

ಗುರುಗಳು ಕಪಾಟಿನ ಲೆಕ್ಕ ಕೊಟ್ಟಿದ್ದಾರೆ. ನಾನು ಸಭೆ ಒಡೆದ ಲೆಕ್ಕ ಕೊಡುತ್ತೇನೆ. ನಾವು ಸಂಬಳದ ಉಪದೇಶಕರನ್ನು ತಂದೆವು. ತಿಂಗಳಿಗೆ 22,000 ರೂಪಾಯಿ ಸಂಬಳ, ಕೇಶ್ವಾಪುರದ ಕಡೆ 8,000 ಬಾಡಿಗೆಯ ಮನೆ, ಅದಕ್ಕೆ 50,000 ಅಡ್ವಾನ್ಸ್, ಗ್ಯಾಸ್ ಸಿಲಿಂಡರ್, ಸ್ಕೂಟರಿಗೆ ಪೆಟ್ರೋಲ್. ಇಷ್ಟು ಸಾಲದೆಂದು ಚಿತ್ರ ತೋರಿಸಿ ಕಲಿಸಬೇಕೆಂದಾಗ 38,000 ರೂಪಾಯಿಯ ಪ್ರೊಜೆಕ್ಟರ್. ಅವರು ಕಲಿಸಿದ್ದಾದರೂ ಏನು? ದಾನಿಯೇಲನ ಎಪ್ಪತ್ತು ವಾರಗಳು, ಪ್ರಕಟನೆಯ ಏಳು ಮುದ್ರೆಗಳು, ಮೃಗದ ಅಂಕೆ. ಪರ್ವತ ಪ್ರಸಂಗವನ್ನು ಒಮ್ಮೆ ಕಲಿಸಿ ಎಂದು ಕೇಳಿದರೆ, ಅದು ಎಲ್ಲರಿಗೂ ಗೊತ್ತಿರುವುದೇ ಎಂದರು. ಜನ ಮಾತ್ರ ಹಾಲ್ ತುಂಬ ಸೇರುತ್ತಿದ್ದರು. ಅದು ಗೂಢಾರ್ಥದ ಹಸಿವು ಎಂದು ನನಗಂತೂ ಮೊದಲೇ ತೋರಿತ್ತು, ಕಮಿಟಿ ಕಿವಿಗೊಡಲಿಲ್ಲ.

ಕೊನೆಗೆ ಆ ಉಪದೇಶಕರು ನಮ್ಮ ಸಭೆಗೆ ಬೆಳಕಿಲ್ಲವೆಂದು ಹೇಳಿ ಮೂರನೇ ಒಂದು ಪಾಲು ಕುಟುಂಬಗಳನ್ನು ಕರೆದುಕೊಂಡು ಹೋಗಿ ಬೇರೆ ಕೂಟ ಆರಂಭಿಸಿದರು. ಮನೆಯ ಮಾಲೀಕರು ಬಣ್ಣಕ್ಕೆಂದು 12,000, ಒಡೆದ ಸಿಂಕಿಗೆಂದು 3,500 ಮುರಿದುಕೊಂಡು ಉಳಿದ ಅಡ್ವಾನ್ಸನ್ನು ಆ ಉಪದೇಶಕರ ಕೈಗೇ ಕೊಟ್ಟರು, ಏಕೆಂದರೆ ಕರಾರುಪತ್ರ ಅವರ ಹೆಸರಿನಲ್ಲಿತ್ತು. "ನಿಮ್ಮಲ್ಲಿಯೇ ಕೆಲವರು ಎದ್ದು ಶಿಷ್ಯರನ್ನು ತಮ್ಮ ಹಿಂದೆ ಎಳೆದುಕೊಳ್ಳುವರು" ಎಂಬ ಅರ್ಥದಲ್ಲಿ ಪೌಲನು ಎಫೆಸದ ಸಭೆಯ ಹಿರಿಯರಿಗೆ ಹೇಳಿದ ಮಾತು ಅಪೊಸ್ತಲರ ಕೃತ್ಯಗಳು 20ರಲ್ಲಿದೆ. ಕೊರಿಂಥದಲ್ಲಿ ಅದೇ ಪೌಲನು ಗುಡಾರ ಹೊಲಿದು ತನ್ನ ಹೊಟ್ಟೆ ಹೊರೆದುಕೊಂಡನು. ಕಲಿಸುವವನು ದುಡಿದು ತಿನ್ನಲಿ.

ಸಂಡೇ ಸ್ಕೂಲ್ ಬೋಧಕಿ, ಧಾರವಾಡ

ಹುಬ್ಬಳ್ಳಿಯ ಸಹೋದರರೇ, ಪೌಲನು ಯಾರ ಜೊತೆ ಗುಡಾರ ಹೊಲಿದನೆಂಬುದನ್ನು ಹೇಳದೆ ಬಿಟ್ಟಿರಿ. ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳ ಜೊತೆ. ಅದಿರುವ ಅಪೊಸ್ತಲರ ಕೃತ್ಯಗಳು 18ರ ಕೊನೆಯಲ್ಲಿ, ವಾಕ್ಚಾತುರ್ಯವಿದ್ದರೂ ಯೋಹಾನನ ದೀಕ್ಷಾಸ್ನಾನವನ್ನಷ್ಟೇ ಬಲ್ಲವನಾಗಿದ್ದ ಅಪೊಲ್ಲೋಸನನ್ನು ಅವರಿಬ್ಬರೂ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರೆಂದು ಬರೆದಿದೆ. ಸಂಬಳವಿಲ್ಲದೆ ಕಲಿಸಿದ ಹೆಂಗಸರು ಆ ಕಾಲದಿಂದಲೂ ಇದ್ದಾರೆ. ಅವರ ಲೆಕ್ಕವನ್ನು ಕಮಿಟಿಗಳು ಬರೆದಿಟ್ಟದ್ದನ್ನು ಮಾತ್ರ ನಾನು ಕಂಡಿಲ್ಲ.

ನನ್ನ ಲೆಕ್ಕ ಕೇಳಿ. ವರ್ಷಕ್ಕೆ ಚಾರ್ಟ್ ಹಾಳೆ, ಬಣ್ಣದ ಪೆನ್ಸಿಲ್, ಫೆವಿಕಾಲ್ ಸೇರಿ 2,800. ಬಿಸ್ಕತ್ತಿಗೆ 4,000ಕ್ಕೆ ಕಡಿಮೆಯಿಲ್ಲ. ಮಕ್ಕಳ ಬೇಸಿಗೆ ರಜೆಯ ಬೈಬಲ್ ಶಾಲೆಯಾದ ವಿಬಿಎಸ್‌ಗೆ ಶಾಮಿಯಾನ 5,500. ಕಾಣಿಕೆಯಿಂದ ಇದರ ಕಾಲು ಭಾಗವೂ ಬರುವುದಿಲ್ಲ. ಹೊರಗಿನ ಭಾಷಣಕಾರರು ಬಂದಾಗ ಅವರಿಗೆ ಶಾಲು, ಹಾರ, ಊಟ, ಲಕೋಟೆ. ಅದೇ ದಿನ ಮಕ್ಕಳ ತರಗತಿ ಮೆಟ್ಟಿಲ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ. ಬೆಳೆದ ಮಕ್ಕಳನ್ನು ಸಭೆಯ ಪೂರ್ಣ ಸದಸ್ಯರಾಗಲು ಸಿದ್ಧಪಡಿಸುವ ದೃಢೀಕರಣದ ತರಗತಿಯನ್ನೂ ನಾನೇ ತೆಗೆದುಕೊಳ್ಳುತ್ತಿದ್ದೆ. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಬಾಯಿಪಾಠವಾದರೆ ಸಾಕೆಂದು ಹಿರಿಯರು ಹೇಳಿದರು. ನಾನು ಮಕ್ಕಳಿಂದ ಲೂಕನ ಸುವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ, ಪ್ರತಿ ಅಧ್ಯಾಯಕ್ಕೆ ಒಂದೊಂದು ಪ್ರಶ್ನೆಯನ್ನು ಅವರೇ ಬರೆದು ತರಬೇಕೆಂದೆ. ತಪ್ಪಿಹೋದ ಮಗನ ಸಾಮ್ಯದಲ್ಲಿ ಮುನಿಸಿಕೊಂಡ ಹಿರಿಯ ಮಗ ಕೊನೆಗೆ ಮನೆಯೊಳಗೆ ಬಂದನೋ ಇಲ್ಲವೋ ಎಂದು ಒಬ್ಬ ಹುಡುಗಿ ಬರೆದು ತಂದಾಗ, ಲೂಕ 15 ಆ ಪ್ರಶ್ನೆಯನ್ನು ಉತ್ತರಿಸದೆ ಬಿಟ್ಟಿದೆಯೆಂಬುದು ಅವಳ ತಂದೆಗೂ ಅಂದೇ ತಿಳಿಯಿತು. ಆಮೇಲೆ ಆ ತರಗತಿಯನ್ನು ನನ್ನಿಂದ ತೆಗೆದು ಒಬ್ಬ "ತರಬೇತಾದ" ಸಹೋದರರಿಗೆ ಕೊಡಲಾಯಿತು. ಕಾರಣ ಕೇಳಿದರೆ ಇಂದಿಗೂ ಉತ್ತರವಿಲ್ಲ.

ಸಭಾ ಹಿರಿಯ, ಹುಬ್ಬಳ್ಳಿ

ಅಕ್ಕನವರೇ, ಮಕ್ಕಳ ತರಗತಿ ಬೇರೆ, ಸಭೆಗೆ ಉಪದೇಶ ಮಾಡುವುದು ಬೇರೆ. ಹೆಂಗಸರು ಉಪದೇಶ ಮಾಡಬಾರದೆನ್ನುವ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ತಾವು ಓದಿಯೇ ಇರುತ್ತೀರಿ.

ಸಂಡೇ ಸ್ಕೂಲ್ ಬೋಧಕಿ, ಧಾರವಾಡ

ಓದಿದ್ದೇನೆ. ಎರಡನೆಯ ಪತ್ರಿಕೆಯ ಮೊದಲನೆಯ ಅಧ್ಯಾಯವನ್ನೂ ಓದಿದ್ದೇನೆ. ತಿಮೊಥೆಯನಲ್ಲಿದ್ದ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ಇತ್ತೆಂದು ಅಲ್ಲಿದೆ. ತಮ್ಮ ಸಭೆಯನ್ನು ಒಡೆದವರು ಗಂಡಸರೇ ಅಲ್ಲವೇ, ಸಹೋದರರೇ?

ಬಿ.ಡಿ. ಪದವೀಧರ, ಗದಗ

ಎಲ್ಲರೂ ತಮ್ಮ ತಮ್ಮ ಗಾಯ ತೋರಿಸುತ್ತಿದ್ದೀರಿ. ಕ್ರಮವಾಗಿ ದೈವಶಾಸ್ತ್ರದ ಬಿ.ಡಿ. ಪದವಿ ಓದಿ ಬಂದವನ ಗತಿಯೇನೆಂದು ನಾನು ಹೇಳುತ್ತೇನೆ. ಬಂಗಾಳದ ಸೆರಾಂಪುರ ಕಾಲೇಜು 1818ರಲ್ಲಿ ಸ್ಥಾಪನೆಯಾಗಿ, 1827ರಲ್ಲಿ ಡೆನ್ಮಾರ್ಕಿನ ಅರಸನ ಸನ್ನದಿನಿಂದ ಪದವಿ ಕೊಡುವ ಅಧಿಕಾರ ಪಡೆಯಿತು. ಅದರ ಸೆನೆಟ್ ಇಂದು ದೇಶದ ಹಲವಾರು ದೈವಶಾಸ್ತ್ರ ಕಾಲೇಜುಗಳ ಪರೀಕ್ಷೆ ನಡೆಸುತ್ತದೆ. ನಾನು ಗ್ರೀಕ್, ಹೀಬ್ರೂ, ಸಭಾ ಚರಿತ್ರೆ ಎಲ್ಲವನ್ನೂ ಆ ಕ್ರಮದಲ್ಲಿ ಓದಿದವನು. ಸಭೆ ಅರ್ಧ ಶುಲ್ಕ ಕೊಡುವುದಾಗಿ ಪತ್ರ ಬರೆದುಕೊಟ್ಟು, ಎರಡನೆಯ ವರ್ಷದಿಂದ ನಿಲ್ಲಿಸಿತು. ಮೆಸ್ ಬಿಲ್‌ಗಾಗಿ ತಾಯಿಯ ಎರಡು ತೊಲ ಬಂಗಾರವನ್ನು ಸೊಸೈಟಿಯಲ್ಲಿ ಒತ್ತೆಯಿಟ್ಟೆವು. ಬಡ್ಡಿ ಸೇರಿ ಬಿಡಿಸಿಕೊಳ್ಳುವಾಗ 91,000 ಆಗಿತ್ತು. ಮರಳಿ ಬಂದ ಮೇಲೆ ನನಗೆ ಒಪ್ಪಿಸಿದ ಸೇವೆಯೆಂದರೆ ಕ್ರಿಸ್ಮಸ್ಸಿನ ಪೆಂಡಾಲು, ರಸೀದಿ ಪುಸ್ತಕ ಮತ್ತು ಮೈಕ್. ಕಲಿಸಲು ವೇದಿಕೆ ಕೇಳಿದರೆ, "ನಿನ್ನೆ ಮೊನ್ನೆಯ ಹುಡುಗ" ಎಂದರು.

ಇನ್ನು ಬೆಟಗೇರಿಯ ಗುರುಗಳ ಮಾಳಿಗೆಯ ವಿಚಾರ. ಅದೇ ಘಟನೆಯನ್ನು ಲೂಕನು ಐದನೆಯ ಅಧ್ಯಾಯದಲ್ಲಿ ಹೇಳುವಾಗ ಹಂಚುಗಳ ಮಾತು ಬರುತ್ತದೆ. ಲೂಕನು ಗ್ರೀಕ್ ಪಟ್ಟಣಗಳ ಓದುಗರಿಗೆ ಪರಿಚಿತವಾದ ಛಾವಣಿಯನ್ನು ಕಣ್ಣ ಮುಂದಿಟ್ಟು ಬರೆದಿರಬಹುದೆಂದು ವಿದ್ವಾಂಸರು ಹೇಳುತ್ತಾರೆ. ಎರಡು ಸುವಾರ್ತೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸದಿದ್ದರೆ, ಜನರು ತಮ್ಮ ಮನೆಯ ಮಾಳಿಗೆಯನ್ನೇ ಆ ಘಟನೆ ನಡೆದ ಕಫರ್ನೌಮಿನ ಮಾಳಿಗೆ ಎಂದುಕೊಳ್ಳುತ್ತಾರೆ. ಮನೆಯಲ್ಲಿ ಕುಳಿತು ಓದಿದವರು ನಿಲ್ಲುವುದು ಅಲ್ಲಿಗೇ. "ನಿಮ್ಮಲ್ಲಿ ಬಹು ಮಂದಿ ಬೋಧಕರಾಗಬಾರದು, ನಮಗೆ ಹೆಚ್ಚಿನ ತೀರ್ಪು ಇದೆ" ಎಂಬ ಯಾಕೋಬನ ಎಚ್ಚರಿಕೆ ಸುಮ್ಮನೆ ಬಂದದ್ದಲ್ಲ.

ನಿವೃತ್ತ ಶಿಕ್ಷಕ, ಬೆಟಗೇರಿ

ತಮ್ಮಾ, ಲೂಕನ ಹಂಚು ನನ್ನ ವ್ಯಾಖ್ಯಾನದಲ್ಲಿಯೂ ಇದೆ. ಆ ಸಂಪುಟಕ್ಕೆ ಬೂಷ್ಟು ಹಿಡಿದಿಲ್ಲ. ಮುಂದಿನ ಬುಧವಾರವೇ ಅದನ್ನು ಓದಿಸಿದ್ದೇನೆ. ಮಾಳಿಗೆಯ ಪ್ರಶ್ನೆ ಕೇಳಿದ ಅಜ್ಜನವರು, ಹಂಚಾದರೆ ಖರ್ಚು ಇನ್ನೂ ಜಾಸ್ತಿ ಎಂದರು.

ಪದವಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಬಾಸೆಲ್ ಮಿಷನ್ ಎಂಬ ಯುರೋಪಿನ ಸಂಸ್ಥೆಯವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದು ನೆಲೆಸಿದರು. ಬಂದವರು ಬೆರಳೆಣಿಕೆಯ ಮಿಷನರಿಗಳು. ಹಳ್ಳಿಹಳ್ಳಿಗಳಲ್ಲಿ ಕುಳಿತು ಓದು ಬಾರದವರಿಗೆ ವಾಕ್ಯ ಹೇಳಿಕೊಟ್ಟವರು ಇಲ್ಲಿಯವರೇ ಆದ ಉಪದೇಶಿಗಳು ಮತ್ತು ಶಾಲಾ ಮಾಸ್ತರರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಸರ್ಕಾರ ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳುಹಿಸಿದಾಗ ಸಭೆಗಳು ಮುಚ್ಚಿಹೋಗಲಿಲ್ಲ.

ಬಿ.ಡಿ. ಪದವೀಧರ, ಗದಗ

ಆ ಉಪದೇಶಿಗಳನ್ನು ತರಬೇತಿಯಿಲ್ಲದೆ ಕಳುಹಿಸಿದರೆಂದು ತಿಳಿದಿರಾ, ಸರ್? ಮಂಗಳೂರಿನಲ್ಲಿ 1847ರಲ್ಲಿಯೇ ಸೆಮಿನರಿ ತೆರೆದದ್ದು ಏಕೆ? ಕಿಟ್ಟೆಲ್‌ರು 1853ರಲ್ಲಿ ಬಂದು ಕನ್ನಡವನ್ನು ಕಲಿತಷ್ಟು ಕಷ್ಟಪಟ್ಟು ಇಂದು ಸತ್ಯವೇದವನ್ನು ಕಲಿಯುವವರು ಎಷ್ಟು ಮಂದಿ?

ಸಭಾ ಹಿರಿಯ, ಹುಬ್ಬಳ್ಳಿ

ಜರ್ಮನರ ಕಥೆ ಸಾಕು. ಬಾಸೆಲ್ ಮಿಷನ್ನಿನ ಹೆಸರು ಹೇಳಿದ ಕೂಡಲೇ ನಿಮ್ಮಲ್ಲಿ ಎಲ್ಲರೂ ಎದ್ದು ನಿಲ್ಲುತ್ತೀರಿ. ನಮ್ಮಂಥ ಸ್ವತಂತ್ರ ಸಭೆಗಳಿಗೆ ಆ ಕಟ್ಟಡವೂ ಇಲ್ಲ, ಆ ಜಮೀನೂ ಇಲ್ಲ.

ಸಂಡೇ ಸ್ಕೂಲ್ ಬೋಧಕಿ, ಧಾರವಾಡ

ಕಟ್ಟಡವಿದ್ದವರ ಮಕ್ಕಳೂ ಮೆಟ್ಟಿಲ ಕೆಳಗೇ ಕುಳಿತಿದ್ದಾರೆ, ಮೇಲೆ ಬರೆದಿದ್ದೇನೆ. ಪದವೀಧರ ಸಹೋದರರೇ, ನಿಮ್ಮ ತಾಯಿಯವರ ಬಂಗಾರದ ವಿಷಯ ಓದಿ ಸಂಕಟವಾಯಿತು. ಆದರೆ ವೇದಿಕೆಯನ್ನೇ ಏಕೆ ಕೇಳಿದಿರಿ? ನನ್ನ ಮೆಟ್ಟಿಲ ಕೆಳಗೆ ಜಾಗ ಖಾಲಿಯಿದೆ; ಹತ್ತನೆಯ ತರಗತಿಯ ಹುಡುಗರು ಕೇಳುವ ಪ್ರಶ್ನೆಗಳಿಗೆ ನನ್ನಲ್ಲಿ ಗ್ರೀಕ್ ಇಲ್ಲ.

ಸಭಾ ಕಾರ್ಯದರ್ಶಿ, ಹಾವೇರಿ ಜಿಲ್ಲೆ

ಎಲ್ಲರಿಗೂ ಕೃತಜ್ಞತೆಗಳು. ಆದರೆ ತಿಂಗಳಿಗೆ 12,000 ಎಂದು ನಾನು ಬರೆದದ್ದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ, ಸುವಾರ್ತೆ ಸಾರುವವರು ಸುವಾರ್ತೆಯಿಂದಲೇ ಜೀವಿಸಬೇಕೆಂದು ಹೇಳಿ, ಮರುವಾಕ್ಯದಲ್ಲೇ ತಾನು ಆ ಹಕ್ಕನ್ನು ಬಳಸಿಕೊಂಡಿಲ್ಲವೆಂದು ಪೌಲನು ಹೇಳುತ್ತಾನೆ. ಕಮಿಟಿಯ ಅರ್ಧ ಮಂದಿ ಮೊದಲ ವಾಕ್ಯವನ್ನೂ ಉಳಿದರ್ಧ ಮಂದಿ ಎರಡನೆಯದನ್ನೂ ಹಿಡಿದು ಕುಳಿತಿದ್ದಾರೆ. ಬರುವ ಭಾನುವಾರ ಸಭೆ ಸೇರುತ್ತದೆ; ಅವರ ಮುಂದೆ ಏನು ಇಡಲಿ?

ನಿವೃತ್ತ ಶಿಕ್ಷಕ, ಬೆಟಗೇರಿ

ಆ ಹಣದಲ್ಲಿ ನಾಲ್ಕು ಮಂದಿಯ ಕೋರ್ಸ್, ಪುಸ್ತಕ, ಗುಂಪು ನಡೆಸುವವರ ಬಸ್ ಖರ್ಚು ನಡೆದು ಇನ್ನೂ ಉಳಿಯುತ್ತದೆ. ನಾಲ್ವರಲ್ಲಿ ಇಬ್ಬರು ಹೆಂಗಸರಿರಲಿ. ಅವರು ಗೋವಾಕ್ಕೆ ಹೋಗುವುದಿಲ್ಲ.

ಸಭಾ ಹಿರಿಯ, ಹುಬ್ಬಳ್ಳಿ

ಕಾರ್ಯದರ್ಶಿಗಳೇ, ಸಂಬಳದವರು ಬೇಡವೆಂಬ ನನ್ನ ಮಾತು ಹಾಗೆಯೇ ಇದೆ. ಆದರೂ ನಿಮ್ಮ ಕಮಿಟಿ ಕರೆದೇ ಕರೆಯುವುದಾದರೆ ಪತ್ರದಲ್ಲಿ ಇಷ್ಟನ್ನು ಬರೆಸಿ. ಯಾವ ಪುಸ್ತಕವನ್ನು ಕಲಿಸಬೇಕೆಂಬುದನ್ನು ವರ್ಷದ ಆರಂಭದಲ್ಲಿ ಸಭಾಪಾಲಕರೂ ಹಿರಿಯರೂ ಕೂಡಿ ಗೊತ್ತುಮಾಡಬೇಕು; ಮೊದಲು ಒಂದು ಸುವಾರ್ತೆ, ಪ್ರಕಟನೆ ಕೊನೆಗೆ. ಪ್ರತಿ ತರಗತಿಯಲ್ಲಿಯೂ ನಿಮ್ಮವರೇ ಒಬ್ಬರು ಜೊತೆಗೆ ಕುಳಿತು ಕಲಿಸಲು ಕಲಿಯಬೇಕು. ಬೆರೋಯ ಪಟ್ಟಣದವರು ಪೌಲನ ಮಾತನ್ನೇ ಪ್ರತಿದಿನ ಶಾಸ್ತ್ರದೊಡನೆ ಹೋಲಿಸಿ ಪರೀಕ್ಷಿಸಿದರು. ಹಾಗೆ ಪ್ರಶ್ನೆ ಕೇಳಲು ತರಗತಿಯ ಕೊನೆಯ ಅರ್ಧ ಗಂಟೆ ಮೀಸಲಿರಬೇಕು. ಮನೆಗಳಲ್ಲಿ ಪ್ರತ್ಯೇಕ ಕೂಟ ನಡೆಸುವಂತಿಲ್ಲ. ಬಾಡಿಗೆ ಮನೆಯ ಕರಾರುಪತ್ರ ಸಭೆಯ ಹೆಸರಿನಲ್ಲಿರಲಿ, ಅಡ್ವಾನ್ಸನ್ನು ಚೆಕ್ಕಿನಲ್ಲಿ ಕೊಡಿ, ಒಳಗೆ ಹೋಗುವ ಮುಂಚೆ ಸಿಂಕಿನ ಫೋಟೋ ತೆಗೆದಿಡಿ.